ಉತ್ತ ಹೊಲ ತನ್ನ ಹೆಸರಿಗಿಲ್ಲ: ದಲೀಪ್ ಸಿಂಗ್ ಸೌಂದ್ ಕಥೆ

ಗಣಿತದಲ್ಲಿ ಪಿಎಚ್.ಡಿ. ಮಾಡಿದವರೊಬ್ಬರು ಹತ್ತಿ ಬಿಡಿಸುವ ಕೂಲಿಗಳ ಮೇಸ್ತ್ರಿಯಾದರು. ಆಮೇಲೆ ರೈತರಾದರು. ಕೊನೆಗೆ ಅಮೆರಿಕದ ಸಂಸತ್ತಿಗೇ ಆರಿಸಿಬಂದರು. ಅವರೇ ದಲೀಪ್ ಸಿಂಗ್ ಸೌಂದ್.

ಸೌಂದ್ ಹುಟ್ಟಿದ್ದು 1899ರಲ್ಲಿ, ಪಂಜಾಬಿನ ಒಂದು ಹಳ್ಳಿಯಲ್ಲಿ. 1920ರಲ್ಲಿ ಓದಲು ಅಮೆರಿಕಕ್ಕೆ ಹೋದರು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1924ಕ್ಕೆ ಪಿಎಚ್.ಡಿ. ಮುಗಿಯಿತು. ಆದರೆ ಅಂದು ಅಲ್ಲಿ ಭಾರತೀಯರಿಗೆ ಓದಿಗೆ ತಕ್ಕ ಕೆಲಸ ಸಿಗುತ್ತಿದ್ದುದೇ ಅಪರೂಪ. ಹಾಗಾಗಿ ಅವರು ಇಂಪೀರಿಯಲ್ ಕಣಿವೆಗೆ ಹೋಗಿ ಬೇಸಾಯಕ್ಕಿಳಿದರು. ಸಲಾಡ್‌ಗೆ ಬಳಸುವ ಲೆಟ್ಯೂಸ್ ಸೊಪ್ಪು ಬೆಳೆದರು.

ಬೆಳೆಯುವುದಕ್ಕೇನೋ ಅಡ್ಡಿಯಿರಲಿಲ್ಲ, ಅಡ್ಡಿಯಿದ್ದದ್ದು ಕಾಗದಪತ್ರಕ್ಕೆ. ಅಮೆರಿಕದ ಪೌರತ್ವ ಪಡೆಯಲು ಅರ್ಹತೆ ಇಲ್ಲದವರು ಜಮೀನು ಕೊಳ್ಳುವಂತಿಲ್ಲ, ಗುತ್ತಿಗೆಗೂ ಹಿಡಿಯುವಂತಿಲ್ಲ ಎಂಬುದು ಕ್ಯಾಲಿಫೋರ್ನಿಯಾದ ಕಾನೂನು. ಭಾರತೀಯರಿಗೆ ಆ ಅರ್ಹತೆ ಇಲ್ಲ ಎಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಆ ಮೊಕದ್ದಮೆಯಲ್ಲಿ ಸೋತ ಭಗತ್ ಸಿಂಗ್ ಥಿಂಡ್, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು!

ಹೀಗಾಗಿ ಎಷ್ಟೋ ಪಂಜಾಬಿ ರೈತರು ನಂಬಿಕೆಯ ಬಿಳಿಯ ಸ್ನೇಹಿತರ ಹೆಸರಿನಲ್ಲಿ, ಇಲ್ಲವೇ ಅಲ್ಲೇ ಹುಟ್ಟಿದ ಮಕ್ಕಳ ಹೆಸರಿನಲ್ಲಿ ಜಮೀನು ಮಾಡುತ್ತಿದ್ದರು. ಪಹಣಿಯಲ್ಲಿ ಹೆಸರಿಲ್ಲದವನ ಪಾಡು ಏನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಬೆವರು ನಿಮ್ಮದು, ದಾಖಲೆ ಇನ್ನೊಬ್ಬರದು.

ಸೌಂದ್ ಮೊದಲು ಹಿಡಿದದ್ದು ಈ ಕಾನೂನಿನ ಬೆನ್ನು. 1940ರ ದಶಕದಲ್ಲಿ ಅಲ್ಲಿದ್ದ ಭಾರತೀಯರನ್ನು ಸಂಘಟಿಸಿ, ಪೌರತ್ವದ ಹಕ್ಕು ಕೇಳಿದರು. ಇಂಥ ಹಲವರ ಒತ್ತಾಯದ ಫಲವಾಗಿ 1946ರಲ್ಲಿ ಲೂಸ್–ಸೆಲ್ಲರ್ ಕಾಯಿದೆ ಬಂತು, ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು. 1949ರ ಡಿಸೆಂಬರ್‌ನಲ್ಲಿ ಸೌಂದ್ ಅಮೆರಿಕದ ಪ್ರಜೆಯಾದರು.

ಮರುವರ್ಷವೇ ವೆಸ್ಟ್‌ಮೋರ್ಲೆಂಡ್ ಎಂಬ ಸಣ್ಣ ಊರಿನಲ್ಲಿ ನ್ಯಾಯಾಧೀಶರ ಚುನಾವಣೆಗೆ ನಿಂತು ಗೆದ್ದರು. ಅಲ್ಲಿ ಆ ಹುದ್ದೆಗೂ ಜನರೇ ಮತ ಹಾಕುತ್ತಾರೆ. ಆದರೆ ಪೌರತ್ವ ಸಿಕ್ಕಿ ಒಂದು ವರ್ಷ ತುಂಬಿಲ್ಲವೆಂದು ಹುದ್ದೆ ಕೈತಪ್ಪಿತು. ಅವರು ಮುನಿಸಿಕೊಂಡು ಮನೆಯಲ್ಲಿ ಕೂರಲಿಲ್ಲ. 1952ರಲ್ಲಿ ಮತ್ತೆ ನಿಂತರು, ಮತ್ತೆ ಗೆದ್ದರು.

1956ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಸಂಸತ್ತಿಗೆ ಸ್ಪರ್ಧೆ. ಎದುರಾಳಿ ಜಾಕ್ವೆಲಿನ್ ಕಾಕ್ರನ್, ಶಬ್ದಕ್ಕಿಂತ ವೇಗವಾಗಿ ವಿಮಾನ ಹಾರಿಸಿದ ಮೊದಲ ಮಹಿಳೆ. ಹಣಕ್ಕೂ ಹೆಸರಿಗೂ ಕೊರತೆಯಿಲ್ಲದವರು. ಆದರೂ ಗೆದ್ದದ್ದು ಸೌಂದ್. ಅಮೆರಿಕದ ಸಂಸತ್ತಿಗೆ ಆರಿಸಿಬಂದ ಮೊದಲ ಭಾರತೀಯ ಮೂಲದವರು ಅವರೇ. ಅಲ್ಲಿ 1957ರ ನಾಗರಿಕ ಹಕ್ಕುಗಳ ಕಾಯಿದೆಯ ಪರವಾಗಿ ನಿಂತರು. ಕರಿಯರ ಮತದಾನದ ಹಕ್ಕನ್ನು ಕಾಯಲು ತಂದ ಕಾಯಿದೆ ಅದು. ಹಕ್ಕಿಲ್ಲದ ಬದುಕು ಎಂಥದ್ದೆಂದು ಅವರಿಗೆ ಗೊತ್ತಿತ್ತು.

1962ರಲ್ಲಿ ಪಾರ್ಶ್ವವಾಯು ಬಡಿಯಿತು. ಆ ವರ್ಷದ ಚುನಾವಣೆಯಲ್ಲಿ ಸೋತರು. 1973ರಲ್ಲಿ ತೀರಿಕೊಂಡರು.

ಒಂದು ಲೆಕ್ಕ ಹಾಕಿ ನೋಡೋಣ. ಅಮೆರಿಕಕ್ಕೆ ಬಂದ ಮೇಲೆ ಪೌರತ್ವಕ್ಕಾಗಿ ಅವರು ಕಾದದ್ದು 29 ವರ್ಷ. ಪೌರತ್ವ ಸಿಕ್ಕ ಮೇಲೆ ಸಂಸತ್ತಿಗೆ ಗೆಲ್ಲಲು ಹಿಡಿದದ್ದು ಬರೀ 7 ವರ್ಷ. ಅವರಲ್ಲಿ ಯೋಗ್ಯತೆಗೆ ಎಂದೂ ಕೊರತೆಯಿರಲಿಲ್ಲ. ಇಲ್ಲದಿದ್ದದ್ದು ಹಕ್ಕುಪತ್ರ.