ವಾರ ಕೂಡಿದರೆ ಲೆಕ್ಕ ಕೂಡಿತು

1947ರ ಆಗಸ್ಟ್ 15ರಿಂದ 1948ರ ಸೆಪ್ಟೆಂಬರ್ 17ಕ್ಕೆ ಎಷ್ಟು ದಿನ? ನಮ್ಮ ರಾಯಚೂರು ಸೀಮೆಯಲ್ಲಿ ಇದಕ್ಕೆ ಎಲ್ಲರ ಬಾಯಲ್ಲೂ ಸಿದ್ಧ ಉತ್ತರವಿದೆ: ಹದಿಮೂರು ತಿಂಗಳು. ದೇಶಕ್ಕೆ ಸ್ವಾತಂತ್ರ್ಯ ಬಂದು ಹದಿಮೂರು ತಿಂಗಳಾದ ಮೇಲೆ ನಿಜಾಮನ ಸಂಸ್ಥಾನದ ನಮಗೆ ಬಂತು ಎನ್ನುತ್ತೇವೆ. ದಿನಕ್ಕೆ ಇಳಿಸಿದರೆ 399. 1948ರಲ್ಲಿ ಫೆಬ್ರವರಿಗೆ 29 ದಿನ ಇದ್ದದ್ದರಿಂದ ಆಗಸ್ಟ್ 15ರಿಂದ ಆಗಸ್ಟ್ 15ಕ್ಕೆ 366, ಆಮೇಲೆ ಆಗಸ್ಟಿನಲ್ಲಿ ಉಳಿದ 16, ಸೆಪ್ಟೆಂಬರಿನ 17. ಈ 399ನ್ನು ಏಳರಿಂದ ಭಾಗಿಸಿ ನೋಡಿ: ಸರಿಯಾಗಿ 57 ವಾರ, ಶೇಷ ಸೊನ್ನೆ. ಹಾಗಾದರೆ ಎರಡೂ ದಿನ ಒಂದೇ ವಾರ ಬಿದ್ದಿರಬೇಕು. ಬಿದ್ದಿವೆ, ಎರಡೂ ಶುಕ್ರವಾರ.

ಏಳರಿಂದ ಭಾಗಿಸಿ ತಾಳೆ ನೋಡುವ ಈ ಪಾಠ ನನಗೆ ಸಿಕ್ಕಿದ್ದು ಹಟ್ಟಿ ಚಿನ್ನದ ಗಣಿಯ ಟೈಮ್ ಆಫೀಸಿನಲ್ಲಿ. ಹಾಜರಿ ಬರೆಯುವುದೇ ನನ್ನ ಇಡೀ ನೌಕರಿ. ಕ್ಯಾಲ್ಕ್ಯುಲೇಟರ್ ಇನ್ನೂ ಮೇಜಿಗೆ ಬಂದಿರಲಿಲ್ಲ. ಯಾರದಾದರೂ ಸರ್ವಿಸ್ ಲೆಕ್ಕ ತೆಗೆದು ಮುಂದಿಟ್ಟರೆ ನಮ್ಮ ಹೆಡ್ ಕ್ಲರ್ಕು ಮೊತ್ತ ನೋಡುತ್ತಲೇ ಇರಲಿಲ್ಲ. "ಸೇರಿದ್ದು ಯಾವ ವಾರ, ಬಿಟ್ಟಿದ್ದು ಯಾವ ವಾರ, ಅದನ್ನ ಹೇಳ್ ತಮ್ಮಾ. ವಾರ ಕೂಡಲಿಲ್ಲಂದ್ರ ಲೆಕ್ಕ ಕೂಡಿಲ್ಲ" ಎನ್ನುತ್ತಿದ್ದರು. ಆ ಮಾತಿನ ಬೆಲೆ ಎಷ್ಟೆಂದು ನನಗೆ ಗೊತ್ತಾದದ್ದು ಈ ನೆಲದ ಇತಿಹಾಸ ಓದತೊಡಗಿದ ಮೇಲೆ.

ಗಣಿಯಲ್ಲಿ ದಿನದ ಎಣಿಕೆ ಅಂದರೆ ಅನ್ನದ ಎಣಿಕೆ. 1952ರ ಗಣಿ ಕಾಯ್ದೆಯ ಪ್ರಕಾರ ನೆಲದಡಿ ದುಡಿಯುವವನಿಗೆ 15 ಹಾಜರಿಗೆ ಒಂದು ಸಂಬಳದ ರಜೆ, ಮೇಲೆ ದುಡಿಯುವವನಿಗೆ 20ಕ್ಕೆ ಒಂದು ಸಿಗುತ್ತಿತ್ತು. ವರ್ಷ ತುಂಬಿತು ಅನ್ನಿಸಿಕೊಳ್ಳಲು ಕೆಳಗಿನವನಿಗೆ 190 ಹಾಜರಿ ಸಾಕಿತ್ತು, ಮೇಲಿನವನಿಗೆ 240 ಬೇಕಿತ್ತು. 189ಕ್ಕೂ 190ಕ್ಕೂ ನಡುವೆ ಒಂದು ಮನೆಯ ಹಬ್ಬವೇ ಇರುತ್ತಿತ್ತು. ರಾತ್ರಿ ಪಾಳಿಯದು ಇನ್ನೊಂದು ತೊಡಕು. ರಾತ್ರಿ ಇಳಿದವನು ಬೆಳಗ್ಗೆ ಮೇಲೆ ಬರುವಾಗ ಕ್ಯಾಲೆಂಡರಿನಲ್ಲಿ ತಾರೀಖು ಬದಲಾಗಿರುತ್ತದೆ. ಕಾಯ್ದೆ ಅದನ್ನು ಬಿಡಿಸಿಟ್ಟಿತ್ತು: ನಡುರಾತ್ರಿ ದಾಟಿದ ಮೇಲಿನ ತಾಸುಗಳೂ ಹಿಂದಿನ ದಿನದ್ದೇ, ಅವನ ಪಾಲಿಗೆ ಮರುದಿನ ಶುರುವಾಗುವುದು ಪಾಳಿ ಮುಗಿದ ಮೇಲೆ. ದುಡಿಯುವವನ ದಿನವನ್ನು ಗಡಿಯಾರದ ದಿನಕ್ಕಿಂತ ಮೇಲಿಟ್ಟ ಆ ಕಲಮು ನನಗೆ ಬಹಳ ನ್ಯಾಯವಾಗಿ ಕಂಡಿದೆ.

ಅಂಥ ನ್ಯಾಯ ಊರೊಳಗೆ ಇರಲಿಲ್ಲ. ಹೊಲದ ಆಳಿನ ಕರಾರು ಯುಗಾದಿಯಿಂದ ಯುಗಾದಿಗೆ. ವರ್ಷಕ್ಕೆ ಇಷ್ಟು ಚೀಲ ಜೋಳ, ಒಂದು ಜೋಡು ಕೆರ, ಒಂದು ಕಂಬಳಿ. ಆದರೆ ಯುಗಾದಿಯ ವರ್ಷ ಒಂದೇ ಅಳತೆಯದಲ್ಲ. ಹತ್ತಿರದ ಲೆಕ್ಕವನ್ನೇ ತೆಗೆದುಕೊಳ್ಳಿ: 2022ರ ಯುಗಾದಿ ಏಪ್ರಿಲ್ 2, 2023ರದು ಮಾರ್ಚ್ 22. ನಡುವೆ 354 ದಿನ. ಮುಂದಿನ ಯುಗಾದಿ 2024ರ ಏಪ್ರಿಲ್ 9. ನಡುವೆ ಅಧಿಕ ಶ್ರಾವಣ ಬಂದದ್ದರಿಂದ 384 ದಿನ. ಕರಾರು ಒಂದೇ, ಜೋಳ ಅಷ್ಟೇ, ದುಡಿತ ಮಾತ್ರ ಮೂವತ್ತು ದಿನ ಹೆಚ್ಚು. ನಮ್ಮಜ್ಜ ಹೀಗೆ ದುಡಿದವನು. ಅಧಿಕ ಮಾಸಕ್ಕೆ ಮಂದಿ ದಾನ ಧರ್ಮ ಮಾಡುವಾಗ ಅವನು ಬೆರಳು ಮಡಿಚಿ ತನ್ನ ಮೂವತ್ತು ದಿನ ಎಣಿಸುತ್ತಿದ್ದನಂತೆ. ಅಕ್ಷರ ಬಾರದವನಿಗೂ ಆ ಲೆಕ್ಕ ಬರುತ್ತಿತ್ತು.

ಸರ್ಕಾರದ ಲೆಕ್ಕ ಇನ್ನೊಂದು ದಾರಿಯದು. ಹೈದರಾಬಾದ್ ಸಂಸ್ಥಾನದ ಕಾಗದಗಳಲ್ಲಿ ಇರುತ್ತಿದ್ದದ್ದು ಫಸಲಿ ಸನ್. ಆಜೂರ್, ದೈ, ಬಹಮನ್, ಇಸ್ಫಂದಾರ್ ಎಂದು ಪಾರಸಿ ಹೆಸರಿನ ಹನ್ನೆರಡು ತಿಂಗಳು. ವರ್ಷ ಹುಟ್ಟುವುದು ಅಕ್ಟೋಬರ್ ಮೊದಲ ವಾರದಲ್ಲಿ, ಆಜೂರ್‌ನಿಂದ. ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಕಾಗದವಾದರೆ ಫಸಲಿಗೆ 590 ಕೂಡಿಸಬೇಕು. ಜನವರಿ ಬಂದಿದ್ದರೆ 591. ಹೈದರಾಬಾದಿನ ಭೂಕಂದಾಯ ಕಾಯ್ದೆ 1317 ಫಸಲಿಯದು, ಅಂದರೆ 1907-08. ಮದ್ರಾಸ್ ಪ್ರಾಂತ್ಯದಲ್ಲೂ ಫಸಲಿ ಇತ್ತು, ಅಲ್ಲಿ ಅದು ಹುಟ್ಟುತ್ತಿದ್ದದ್ದು ಜುಲೈನಲ್ಲಿ. ಹಾಗಾಗಿ ತುಂಗಭದ್ರೆಯ ಈ ದಡ ಸಿಂಧನೂರಿನ ಕಾಗದಕ್ಕೂ ಆ ದಡ ಬಳ್ಳಾರಿ ಕಡೆಯ ಕಾಗದಕ್ಕೂ ಸನ್ ಒಂದೇ ಕಂಡರೂ ಒಳಗೆ ಮೂರು ತಿಂಗಳ ಅಂತರ ಇರಬಹುದು. ಒಂದೇ ಮನೆಯಲ್ಲಿ ಪಂಚಾಂಗ ಶಕ ಎನ್ನುತ್ತಿತ್ತು, ತಹಶೀಲು ಫಸಲಿ ಎನ್ನುತ್ತಿತ್ತು, ದರ್ಗಾದ ಉರುಸು ಹಿಜರಿ, ಗಣಿಯ ಬಟವಾಡೆ ಇಂಗ್ಲಿಷ್ ತಾರೀಖು. ಈ ನಾಲ್ಕೂ ಒಂದರ ಮಾತು ಒಂದು ಕೇಳುತ್ತಿರಲಿಲ್ಲ. ನಾಲ್ಕರಲ್ಲೂ ಒಂದೇ ಆಗಿ ಉಳಿದದ್ದು ವಾರ. ಸೋಮವಾರ ಎಲ್ಲರಿಗೂ ಸೋಮವಾರವೇ.

ಇತಿಹಾಸಕಾರರಿಗೆ ದಾರಿ ತೋರಿಸಿದ್ದೂ ಈ ವಾರವೇ. ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನೂ ಇಸ್ಮಾಯಿಲ್ ಆದಿಲ್ ಶಾಹನೂ ಕಾದಾಡಿದ ಯುದ್ಧವನ್ನು ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿಟ್ಟಿದ್ದಾನೆ. ಅವನು ಕೊಡುವ ದಿನ: 1522ರ ಮೇ, ಅಮಾವಾಸ್ಯೆ, ಶನಿವಾರ. 1900ರಲ್ಲಿ ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸೆವೆಲ್ ಇದನ್ನು ಹಾಗೇ ನಂಬದೆ ಲೆಕ್ಕಕ್ಕೆ ಕೂತ. 1522ರ ಮೇ ತಿಂಗಳ ಅಮಾವಾಸ್ಯೆ ಬಿದ್ದದ್ದು 25ಕ್ಕೆ, ಭಾನುವಾರ. ಕೂಡಲಿಲ್ಲ. ಎರಡು ವರ್ಷ ಹಿಂದಕ್ಕೆ ಹೋದರೆ 1520ರಲ್ಲಿ ಅಮಾವಾಸ್ಯೆ ಮುಗಿದದ್ದು ಮೇ 17, ಗುರುವಾರ. ಎಳೆಚಂದ್ರ ಕಣ್ಣಿಗೆ ಬೀಳುವುದು ಶನಿವಾರ, 19ಕ್ಕೆ. ಸುತ್ತಲಿನ ಘಟನೆಗಳೂ ಆ ವರ್ಷಕ್ಕೇ ಒಪ್ಪುತ್ತಿದ್ದವು. ಇವತ್ತು ಪಠ್ಯಪುಸ್ತಕದಲ್ಲಿರುವ 1520ರ ಮೇ 19 ಹೀಗೆ ಬಂದದ್ದು. ನ್ಯೂನಿಜ್ ವರ್ಷ ತಪ್ಪಿದ್ದ, ವಾರ ತಪ್ಪಿರಲಿಲ್ಲ.

ಅಲ್ಲಿಂದ 1565ರ ಜನವರಿ 23ರ ರಕ್ಕಸಗಿ-ತಂಗಡಗಿ ಯುದ್ಧಕ್ಕೆ 16,320 ದಿನ. ಏಳರಿಂದ ಭಾಗಿಸಿದರೆ ಶೇಷ ಮೂರು. ಶನಿವಾರದಿಂದ ಮೂರು ಮುಂದೆ ಮಂಗಳವಾರ, ಯುದ್ಧ ನಡೆದದ್ದು ಮಂಗಳವಾರವೇ. ವಿಜಯನಗರ ತನ್ನ ದೊಡ್ಡ ಗೆಲುವಿನಿಂದ ದೊಡ್ಡ ಸೋಲಿಗೆ ಬಂದ ದೂರ ಅಷ್ಟು. ಎರಡೂ ಹಳೆಯ ಜೂಲಿಯನ್ ತಾರೀಖುಗಳಾದ್ದರಿಂದ ಕಳೆದರೆ ಸಾಕು. ಅವೇ ತಾರೀಖುಗಳಿಂದ ಇವತ್ತಿನವರೆಗೆ ಎಣಿಸುವವರು ಮಾತ್ರ ಕ್ಯಾಲೆಂಡರ್ ಬದಲಾದಾಗ ಬಿಟ್ಟುಹೋದ ಹತ್ತು ದಿನ ಮರೆಯಬಾರದು.

ನಮ್ಮ ಶಾಸನ ಬರೆಸಿದವರು ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ಕೊನೆಗೆ ವಾರ ಎಂದು ಆರು ಸಾಕ್ಷಿ ಹಾಕಿಸುತ್ತಿದ್ದರು. ಫ್ಲೀಟ್, ಶಂಕರ ಬಾಲಕೃಷ್ಣ ದೀಕ್ಷಿತ್, ಸ್ವಾಮಿಕಣ್ಣು ಪಿಳ್ಳೆ ಇವರೆಲ್ಲ ಪಂಚಾಂಗದ ಲೆಕ್ಕ ಮಾಡಿದ್ದು ಆ ಸಾಕ್ಷಿಗಳನ್ನು ಒಂದಕ್ಕೊಂದು ಎದುರು ನಿಲ್ಲಿಸಲಿಕ್ಕೆ. ವಾರ ಕೂಡದಿದ್ದರೆ ಆ ತಾಮ್ರಪಟವನ್ನು ಅನುಮಾನದಿಂದಲೇ ನೋಡುತ್ತಿದ್ದರು.

ವಾರವೇ ಇಲ್ಲದ ಕಾಲದ ಗತಿ ಏನಾಗುತ್ತದೆಂಬುದಕ್ಕೂ ಉದಾಹರಣೆ ನಮ್ಮಲ್ಲೇ ಇದೆ. ಹಟ್ಟಿಯಿಂದ ಬಹಳ ದೂರವಿಲ್ಲದ ಮಸ್ಕಿಯ ಗುಡ್ಡದಲ್ಲಿ 1915ರಲ್ಲಿ ಅಶೋಕನ ಶಾಸನ ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಅದರಲ್ಲಿತ್ತು. ತಾನು ಬೌದ್ಧನಾಗಿ ಎರಡೂವರೆ ವರ್ಷ ಮೀರಿತು ಎಂದು ರಾಜ ಅಲ್ಲಿ ತನ್ನ ಕಾಲ ಎಣಿಸಿಕೊಂಡಿದ್ದಾನೆ. ಇದೇ ಆಜ್ಞೆಯ ಬ್ರಹ್ಮಗಿರಿ, ಸಿದ್ದಾಪುರದ ಪ್ರತಿಗಳ ಜೊತೆ 256 ಎಂಬ ಅಂಕೆಯೂ ಇದೆ. ಏನದು? ಬುದ್ಧ ತೀರಿಕೊಂಡು 256 ವರ್ಷ ಎಂದು ಬ್ಯೂಲರ್‌ನಂಥ ಪಂಡಿತರು ವಾದಿಸಿದರು. ಬಿಹಾರದ ಸಹಸ್ರಾಮ್ ಪ್ರತಿಯಲ್ಲಿ ರಾತ್ರಿ ಎಂಬ ಮಾತಿದೆ ಎಂದು 1910ರಲ್ಲಿ ಎಫ್. ಡಬ್ಲ್ಯು. ಥಾಮಸ್ ತೋರಿಸಿದ ಮೇಲೆ ಅದು ರಾಜ ಸಂಚಾರದಲ್ಲಿ ಕಳೆದ 256 ರಾತ್ರಿ ಎಂಬುದು ನಿಂತಿತು. ಒಂದು ಮಾತಿನ ಗೈರುಹಾಜರಿಯಿಂದ ಎಂಟೂವರೆ ತಿಂಗಳು ಎರಡೂವರೆ ಶತಮಾನವಾಗಿ ಕೂತಿತ್ತು. ವಾರ ಬರೆದ ಶಾಸನ ಮೊದಲು ಸಿಗುವುದು ಮಧ್ಯಪ್ರದೇಶದ ಏರಣ್‌ನಲ್ಲಿ, ಕ್ರಿ.ಶ. 484ರದು, ಗುರುವಾರ. ಅಶೋಕನ ಹೊತ್ತಿಗೆ ಆ ಆಸರೆ ಇರಲಿಲ್ಲ.

ಮೊದಲ ದಿನ ಹಿಡಿಯಬೇಕೋ ಬಿಡಬೇಕೋ ಎಂಬ ಜಗಳ ಬೇರೆ. ಮನೆಯಲ್ಲಿ ಹಿಡಿಯುತ್ತೇವೆ: ತೀರಿಕೊಂಡ ದಿನವೇ ಒಂದನೇ ದಿನ, ಅದರಿಂದ ಮೂರನೇ ದಿನಕ್ಕೆ ದಿವಸ. ಕೋರ್ಟಿನಲ್ಲಿ ಬಿಡುತ್ತಾರೆ, ವಾಯಿದೆ ಎಣಿಸುವಾಗ ತೀರ್ಪಿನ ದಿನ ಲೆಕ್ಕಕ್ಕಿಲ್ಲ. ನಿಜಾಮನ ಆಳ್ವಿಕೆ ಮುಗಿಸಿದ 1948ರ ಪೊಲೀಸ್ ಕಾರ್ಯಾಚರಣೆಯನ್ನು ಐದು ದಿನದ್ದು ಎನ್ನುವವರೂ ನಾಲ್ಕು ದಿನದ್ದು ಎನ್ನುವವರೂ ಒಂದೇ ಸೋಮವಾರ, ಒಂದೇ ಶುಕ್ರವಾರದ ನಡುವೆ ಎಣಿಸಿದವರು.

ಲಿಂಗಸುಗೂರು, ಸಿಂಧನೂರು, ಮಸ್ಕಿ ಸುತ್ತಿನ ಎಷ್ಟೋ ಮನೆಗಳ ಟ್ರಂಕಿನಲ್ಲಿ ಇನ್ನೂ ಫಸಲಿ ಸನ್ನಿನ ಪಟ್ಟಾ, ರಸೀದಿ, ವಾಟ್ನಿ ಪತ್ರಗಳಿವೆ. ಉರ್ದು ಓದುವ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಅವರು ಇರುವಾಗಲೇ ಆ ತಾರೀಖು ಓದಿಸಿ, ಇಂಗ್ಲಿಷ್ ತಾರೀಖಿಗೆ ತಿರುಗಿಸಿ, ಬೇರೆ ಹಾಳೆಯಲ್ಲಿ ಬರೆದು ಕಾಗದದ ಜೊತೆ ಇಡಿ. ಮೂಲದಲ್ಲಿ ವಾರ ಇದ್ದರೆ ಅದನ್ನು ಬಿಡದೆ ಬರೆಯಿರಿ.