ಸದ್ದಡಗಿಸಿದ ಸೀಸ

ಪೆಟ್ರೋಲ್ ಬಂಕಿನಲ್ಲಿ ಹೆಚ್ಚು ಆಕ್ಟೇನ್ ಸಂಖ್ಯೆಯ ಪೆಟ್ರೋಲಿಗೆ ಬೆಲೆಯೂ ಹೆಚ್ಚು. ಹೆಚ್ಚು ಹಣ ತೆತ್ತರೆ ವಾಹನವೂ ಹೆಚ್ಚು ದೂರ ಓಡುತ್ತದೆಂದು ನಾನೂ ಬಹುಕಾಲ ನಂಬಿದ್ದೆ. ಆ ಸಂಖ್ಯೆಯ ಚರಿತ್ರೆಯನ್ನು ಓದಿದ ಮೇಲೆ ನಂಬಿಕೆ ಕರಗಿತು. ಅದರ ಜಾಗದಲ್ಲಿ ಒಂದು ಕಳವಳ ಉಳಿಯಿತು.

ಇಂಜಿನ್ನಿನೊಳಗೆ ಪಿಸ್ಟನ್ನು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತುತ್ತದೆ. ಅನಂತರ ಕಿಡಿಯೊಂದು ಅದನ್ನು ಹೊತ್ತಿಸುತ್ತದೆ. ಹೆಚ್ಚು ಒತ್ತಿದಷ್ಟೂ ಅಷ್ಟೇ ಪೆಟ್ರೋಲಿನಿಂದ ಹೆಚ್ಚು ಕೆಲಸ ದೊರೆಯುತ್ತದೆ. ಆದರೆ ಒತ್ತಡ ಮಿತಿಮೀರಿದರೆ, ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮುನ್ನವೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಆಗ ಸುತ್ತಿಗೆಯಿಂದ ಬಡಿದಂತಹ ಸದ್ದು ಕೇಳುತ್ತದೆ. ಇದೇ 'ನಾಕಿಂಗ್'. ಇದರಿಂದ ಶಕ್ತಿ ಕುಂದುತ್ತದೆ, ಇಂಜಿನ್ ಕೆಡುತ್ತದೆ.

ಅಮೆರಿಕದ ಓಹಾಯೊ ರಾಜ್ಯದ ಡೇಟನ್ ನಗರದಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಇಂಜಿನಿಯರ್ 1916ರಲ್ಲಿ ಈ ಸದ್ದಿಗೆ ಮದ್ದು ಹುಡುಕುವ ಕೆಲಸವನ್ನು ತನ್ನ ಕಿರಿಯ ಸಹಾಯಕ ತಾಮಸ್ ಮಿಜ್ಲಿಗೆ ವಹಿಸಿದ. ಮಿಜ್ಲಿ ಅಯೋಡಿನ್ ಬೆರೆಸಿ ನೋಡಿದ, ಅನಿಲೀನ್ ನೋಡಿದ, ಮೈಗಂಟಿದರೆ ಬಿಡದ ದುರ್ವಾಸನೆಯ ಟೆಲ್ಯೂರಿಯಮ್ಮನ್ನೂ ಬಿಡಲಿಲ್ಲ. 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ತುಸುವೇ ಬೆರೆಸಿದಾಗ ಸದ್ದು ಅಡಗಿತು. 1923ರ ಫೆಬ್ರವರಿಯಲ್ಲಿ ಅದೇ ಡೇಟನ್ನಿನಲ್ಲಿ ಅದರ ಮಾರಾಟ ಆರಂಭವಾಯಿತು. ಅದಕ್ಕಿಟ್ಟ ಹೆಸರು 'ಈಥೈಲ್'. ಸರಕಿನೊಳಗೆ ಸೀಸವಿತ್ತು, ಹೆಸರಿನಲ್ಲಿರಲಿಲ್ಲ.

ಸೀಸ ವಿಷವೆಂಬುದು ಪ್ರಾಚೀನರಿಗೂ ತಿಳಿದ ಸಂಗತಿ. ಸ್ವತಃ ಮಿಜ್ಲಿಯೇ ಆ ವಿಷದಿಂದ ಬಳಲಿ 1923ರ ಆರಂಭದಲ್ಲಿ ವಿಶ್ರಾಂತಿಗೆ ಹೋಗಬೇಕಾಯಿತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ತೈಲ ಸಂಸ್ಕರಣಾಗಾರದ ಐವರು ಕಾರ್ಮಿಕರು ಚಿತ್ತಭ್ರಮೆಗೊಳಗಾಗಿ ಸತ್ತರು. ಆ ತಿಂಗಳು ಮುಗಿಯುವುದರೊಳಗೆ ಮಿಜ್ಲಿ ಪತ್ರಕರ್ತರನ್ನು ಕರೆದು, ಅದೇ ದ್ರವದಲ್ಲಿ ಕೈ ತೊಳೆದು ತೋರಿಸಿದ. 1925ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಸಭೆ ಸೇರಿದಾಗ ವೈದ್ಯೆ ಅಲಿಸ್ ಹ್ಯಾಮಿಲ್ಟನ್ ಸೀಸ ಬೇಡವೆಂದು ವಾದಿಸಿದಳು. ಮರುವರ್ಷ ತಜ್ಞರ ಸಮಿತಿ ನಿಷೇಧಕ್ಕೆ ಸಾಕಷ್ಟು ಆಧಾರವಿಲ್ಲವೆಂದಿತು. ಆಲ್ಕೋಹಾಲ್ ಬೆರೆಸಿದರೂ ಸದ್ದು ನಿಲ್ಲುತ್ತದೆಂಬುದು ಮಿಜ್ಲಿಗೆ ಮೊದಲೇ ಗೊತ್ತಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

ನಮ್ಮ ಆಕ್ಟೇನ್ ಸಂಖ್ಯೆ ಹುಟ್ಟಿದ್ದೂ ಆ ದಿನಗಳಲ್ಲೇ. ಈಥೈಲ್ ಕಂಪನಿಯ ರಸಾಯನಶಾಸ್ತ್ರಜ್ಞ ಗ್ರಹಾಂ ಎಡ್ಗರ್ ಸುಲಭವಾಗಿ ಸಿಡಿಯದ ಐಸೋಆಕ್ಟೇನಿಗೆ 100, ಬೇಗ ಸಿಡಿಯುವ ಹೆಪ್ಟೇನಿಗೆ ಸೊನ್ನೆ ಎಂದು ಅಳತೆಗೋಲು ರಚಿಸಿದ. 91 ಎಂದರೆ 91 ಪಾಲು ಐಸೋಆಕ್ಟೇನ್, 9 ಪಾಲು ಹೆಪ್ಟೇನ್ ಬೆರೆತ ದ್ರವದಷ್ಟು ಒತ್ತಡವನ್ನು ಸಿಡಿಯದೆ ಸಹಿಸುವ ಪೆಟ್ರೋಲು ಎಂದರ್ಥ. ಹಾಗಾಗಿ ಈ ಸಂಖ್ಯೆ ಹೇಳುವುದು ಇಂಧನದ ತಾಳ್ಮೆಯನ್ನು, ಬಲವನ್ನಲ್ಲ. ಎಥನಾಲಿನ ಆಕ್ಟೇನ್ ಪೆಟ್ರೋಲಿಗಿಂತ ಹೆಚ್ಚು. ಆದರೆ ಒಂದು ಲೀಟರಿನಲ್ಲಿ ಅಡಗಿದ ಶಕ್ತಿ ಸುಮಾರು ಮೂರನೆಯ ಒಂದು ಭಾಗ ಕಡಿಮೆ. 91ಕ್ಕೆಂದು ರಚಿಸಿದ ಇಂಜಿನ್ನಿಗೆ 97 ಹಾಕಿದರೆ ಅದು ಸಾಮಾನ್ಯವಾಗಿ ಹೆಚ್ಚು ದೂರ ಓಡುವುದಿಲ್ಲ. ಹೆಚ್ಚಿನ ಒತ್ತಡಕ್ಕೆಂದು ರಚಿಸಿದ ಇಂಜಿನ್ನಿಗೆ ಕಡಿಮೆ ಆಕ್ಟೇನ್ ಹಾಕಿದರೆ ಮಾತ್ರ ನಷ್ಟ: ಹಳೆಯದು ಬಡಿದುಕೊಳ್ಳುತ್ತದೆ, ಹೊಸದು ಸದ್ದನ್ನು ತಾನೇ ಗ್ರಹಿಸಿ, ಕಿಡಿಯನ್ನು ತಡಮಾಡಿ, ಶಕ್ತಿಯನ್ನೂ ಮೈಲೇಜನ್ನೂ ತುಸು ಬಿಟ್ಟುಕೊಡುತ್ತದೆ. ವಾಹನದ ಕೈಪಿಡಿ ಹೇಳಿದ ಸಂಖ್ಯೆಯೇ ಸರಿಯಾದ ಸಂಖ್ಯೆ.

ಸೀಸದ ಗುಟ್ಟು ರಟ್ಟಾದದ್ದು ಅನಿರೀಕ್ಷಿತವಾಗಿ. ಉಲ್ಕಾಶಿಲೆಯ ಸೀಸವನ್ನು ಅಳೆದು ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು 1956ರಲ್ಲಿ ಪ್ರಕಟಿಸಿದ ಕ್ಲೇರ್ ಪ್ಯಾಟರ್ಸನ್ನನಿಗೆ, ತನ್ನ ಪ್ರಯೋಗಾಲಯದ ಗಾಳಿ ಧೂಳುಗಳಲ್ಲೆಲ್ಲ ಸೀಸವೇ ಅಡ್ಡಬಂತು. ಅದು ಪ್ರಕೃತಿಯದಲ್ಲ, ನಮ್ಮದೇ ಕೊಡುಗೆಯೆಂದು ಅವನು 1965ರಲ್ಲಿ ಬರೆದ. ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಸೀಸ ಕುಂಠಿತಗೊಳಿಸುತ್ತದೆಂಬುದು ಮುಂದೆ ದೃಢಪಟ್ಟಿತು. ನಮ್ಮ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದದ್ದು 2000ದ ಫೆಬ್ರವರಿ 1ರಂದು. ಅದುವರೆಗೆ ನಮ್ಮ ಬೆಂಗಳೂರು, ಮೈಸೂರುಗಳ ಮಕ್ಕಳೂ ರಸ್ತೆ ಬದಿಯಲ್ಲಿ ಆ ಹೊಗೆಯನ್ನೇ ಉಸಿರಾಡಿದರು. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾ 2021ರಲ್ಲಿ ಅದನ್ನು ಕೈಬಿಟ್ಟಿತು.

ಇಂಜಿನ್ನಿನ ಬಡಿತ ಎಲ್ಲರ ಕಿವಿಗೂ ಬಿದ್ದಿತು. ಅದನ್ನು ನಿಲ್ಲಿಸಲು ಐದು ವರ್ಷ ಸಾಕಾಯಿತು. ಮಕ್ಕಳ ರಕ್ತಕ್ಕಿಳಿದ ಸೀಸ ಸದ್ದು ಮಾಡಲಿಲ್ಲ. ಅದನ್ನು ನಿಲ್ಲಿಸಲು ಒಂದು ಶತಮಾನವೇ ಹಿಡಿಯಿತು.