‘ದಂಡು’ ಪದದ ಅರ್ಥವ್ಯಾಪ್ತಿ

ಕನ್ನಡದ ‘ದಂಡು’ ಸಂಸ್ಕೃತದ ‘ದಂಡ’ ಶಬ್ದದಿಂದ ಬಂದುದು. ಕೋಲು ಎಂಬುದು ಅದರ ಮೊದಲ ಅರ್ಥ. ಶಿಕ್ಷೆ, ಸೈನ್ಯ ಎಂಬವು ಅನಂತರ ಸೇರಿದವು. ಕೌಟಿಲ್ಯನು ಹೇಳುವ ರಾಜ್ಯದ ಸಪ್ತಾಂಗಗಳಲ್ಲಿ ದಂಡವೆಂದರೆ ಸೈನ್ಯವೇ. ಕನ್ನಡದ ಬಳಕೆಯಲ್ಲಿ ಈ ಅರ್ಥಗಳು ಎರಡು ರೂಪಗಳಿಗೆ ಹಂಚಿಹೋಗಿವೆ: ತೆರುವುದು ದಂಡ, ಹೊರಡುವುದು ದಂಡು.

ಶಾಸನಗಳಲ್ಲಿ ‘ದಂಡನಾಯಕ’ ಎಂದು ಕಂಡೊಡನೆ ಸೇನಾಪತಿ ಎಂದು ಅರ್ಥೈಸುವ ರೂಢಿ ನಮ್ಮಲ್ಲಿದೆ. ಇದನ್ನು ಮರುಪರಿಶೀಲಿಸುವುದು ಅಗತ್ಯ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಚೋಳರಿಂದ ತಲಕಾಡನ್ನು ಗೆದ್ದವನು. ಅವನ ಮಟ್ಟಿಗೆ ಆ ಅರ್ಥ ಸರಿಯೇ. ಆದರೆ ಶ್ರವಣಬೆಳಗೊಳದ ಶಾಸನಗಳು ಅವನ ಪತ್ನಿ ಲಕ್ಷ್ಮೀಮತಿಯನ್ನು ‘ದಂಡನಾಯಕಿತಿ’ ಎನ್ನುತ್ತವೆ. ಚಂದ್ರಗಿರಿಯ ಎರಡುಕಟ್ಟೆ ಬಸದಿಯನ್ನು ಕಟ್ಟಿಸಿ, 1121ರಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಈ ಶ್ರಾವಕಿಯನ್ನು ಅವು ಸ್ಮರಿಸುವುದು ದಾನಧರ್ಮಗಳಿಗಾಗಿ, ಯುದ್ಧಕ್ಕಾಗಿ ಅಲ್ಲ. ಇಲ್ಲಿ ಪದವು ಹುದ್ದೆಯಿಂದ ಮನೆತನದ ಅಂತಸ್ತಿಗೆ ಸರಿದಿದೆ. ಸುಂಕದ ಹೆಗ್ಗಡೆಗಳಿಗೂ ದಂಡನಾಯಕ ಪದವಿಯಿದ್ದುದು ಶಾಸನಗಳಲ್ಲಿ ಕಂಡುಬರುತ್ತದೆ. ಹೀಗಿರುವಾಗ ಈ ಪದವೊಂದನ್ನೇ ಆಧರಿಸಿ ಸೈನ್ಯಾಧಿಕಾರಿಗಳ ಪಟ್ಟಿ ಸಿದ್ಧಪಡಿಸುವುದು ಅಪಾಯಕರವೆಂದೇ ನನ್ನ ಅಭಿಪ್ರಾಯ. ಇದೇ ಪದ ‘ದಣ್ಣಾಯಕ’ನಾಗಿ ಸವೆದು ಊರುಕೇರಿಗಳಿಗೂ ಅಂಟಿಕೊಂಡಿತು. ಹೊಸಪೇಟೆಯ ಸೀಮೆಯಲ್ಲಿ ದಣಾಯಕನಕೆರೆ ಇದೆ. ತಮಿಳುನಾಡಿನ ದಣ್ಣಾಯಕನಕೋಟೆ ಭವಾನಿಸಾಗರದ ನೀರಿನಡಿಯಲ್ಲಿದೆ.

ಜನಬಳಕೆಯ ‘ದಂಡು’ ಸೈನ್ಯವನ್ನು ಬಿಟ್ಟು ಇರುವೆಗಳಿಗೂ ಹುಡುಗರ ಗುಂಪಿಗೂ ಸಂದಿತು. ಮಧುಗಿರಿಯ ಮಾರಮ್ಮ ಮಾತ್ರ ಇಂದಿಗೂ ‘ದಂಡಿನ’ ಮಾರಮ್ಮನೇ.

ಬೆಂಗಳೂರಿನಲ್ಲಿ ಆದ ಅರ್ಥಾಂತರ ಇನ್ನೂ ವಿಶಿಷ್ಟವಾದುದು. 1809ರಲ್ಲಿ ಶ್ರೀರಂಗಪಟ್ಟಣದ ಬ್ರಿಟಿಷ್ ಸೇನಾನೆಲೆ ಹಲಸೂರಿನ ಕಡೆಗೆ ಸ್ಥಳಾಂತರಗೊಂಡಿತು. ಹೊರಡುವುದೇ ಲಕ್ಷಣವಾಗಿದ್ದ ‘ದಂಡು’ ಇಲ್ಲಿ ಕದಲದೆ ನಿಂತ ಊರಿನ ಹೆಸರಾಯಿತು. ಸೇನೆಯನ್ನು ಆಶ್ರಯಿಸಿ ಬಂದ ವರ್ತಕರು, ದರ್ಜಿಗಳು, ಅಡುಗೆಯವರು ಕೋವಿ ಹಿಡಿಯದಿದ್ದರೂ ‘ದಂಡಿನವರು’. ಪೇಟೆಗೂ ದಂಡಿಗೂ 1862ರಲ್ಲಿ ಪ್ರತ್ಯೇಕ ಪುರಸಭೆಗಳಾದವು. ಭಾಷೆ, ಆಡಳಿತ ಎರಡರಲ್ಲೂ ಆ ಗೆರೆ ಉಳಿಯಿತು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದಾಗಲೂ ದಂಡು ಬ್ರಿಟಿಷರ ಕೈಯಲ್ಲೇ ಇದ್ದು, 1947ರಲ್ಲಷ್ಟೇ ಮೈಸೂರಿಗೆ ಸೇರಿತು. 1949ರಲ್ಲಿ ಎರಡು ಪುರಸಭೆಗಳೂ ಒಂದೇ ನಗರಸಭೆಯಾದವು. 1864ರಲ್ಲಿ ಮದರಾಸಿನ ರೈಲು ಬಂದು ನಿಂತ ನಿಲ್ದಾಣದ ಕನ್ನಡ ಫಲಕದಲ್ಲಿ ಮಾತ್ರ ‘ಬೆಂಗಳೂರು ದಂಡು’ ಎಂದೇ ಇದೆ.